ಮೂರು ಊರು ಅಳೆದ ಬಾವ

ನಮ್ಮ ಬಾವನ ಜೊತೆ ಹೋಟೆಲಿಗೆ ಹೋದವರಿಗೆ ತಿಂದಿದ್ದು ಮೈಗೆ ಹತ್ತುತ್ತಿರಲಿಲ್ಲ. ಕೊಳ್ಳೇಗಾಲದಲ್ಲಿ ಕೂತು ದೋಸೆ ಮುರಿದರೆ, "ಯಳಂದೂರಲ್ಲಾದ್ರೆ ಇದಕ್ಕೆ ಇನ್ನೊಂದು ಚಟ್ನಿ ಕೊಡ್ತರೆ" ಅನ್ನೋರು. ಆಗಲಿ ಅಂತ ಯಳಂದೂರಿಗೆ ಹೋದಾಗ ಅಲ್ಲಿ ದೋಸೆ ಮುಟ್ಟದೆ, "ಕಾಫಿ ಅಂದ್ರೆ ಅನೂರದು ಕಣಮ್ಮಿ, ಲೋಟ ಎತ್ತಿದ್ರೆ ಮೂಗಿಗೆ ಒಡೀಬೇಕು" ಅನ್ನೋರು. ಹನೂರಿನ ಬೆಂಚಿನ ಮೇಲೆ ಕೂತು ಆ ಕಾಫಿಯನ್ನ ಬಾಯಿಗಿಡೋ ಹೊತ್ತಿಗೆ, "ಏನೇ ಏಳು, ಕುಂತ್ಕಂಡು ತಿನ್ನಕ್ಕೆ ಕೊಳ್ಳೇಗಾಲನೇ ಸರಿ." ಅಯ್ಯೋ ಶಿವನೇ, ಬಾಯಲ್ಲಿರೋದನ್ನ ನುಂಗೋಕ್ಕಾದರೂ ಬಿಡಿ ಬಾವ ಅಂತ ಎಷ್ಟು ಸಲ ಗೋಗರೆದಿದ್ದೀನೋ!

ಬಾವ ಅಂದರೆ ನಮ್ಮಕ್ಕನ ಗಂಡ. ಹೋದ ಮಾಗಿಯಲ್ಲಿ ತೀರಿಕೊಂಡರು. ತೀರಿಕೊಂಡವರ ಬಗ್ಗೆ ಒಳ್ಳೆಯ ಮಾತೇ ಆಡಬೇಕು ಅಂತ ಮನೆಗೆ ಬಂದವರೆಲ್ಲ ನನಗೆ ಬುದ್ಧಿ ಹೇಳಿ ಹೋದರು. ಆಡ್ತೀನಿ, ಒಳ್ಳೆಯದೂ ಬೇಕಾದಷ್ಟಿದೆ. ಆದರೆ ನನ್ನ ಹೊಟ್ಟೆ ಉರಿ ಇನ್ನೂ ಆರಿಲ್ಲ. ಆ ಮನುಷ್ಯನ ಮೇಲೆ ನನಗಿದ್ದ ಕೋಪ ಅವರ ಜೊತೆ ಮಣ್ಣಿಗೆ ಹೋಗಲಿಲ್ಲ, ಇಲ್ಲೇ ನನ್ನ ಹೊಲಿಗೆ ಮಿಷನ್ ಪಕ್ಕದಲ್ಲೇ ಕೂತಿದೆ.

ರಾಮಾಪುರದ ಕಡೆಯವರು ಅವರು. ಕೊಳ್ಳೇಗಾಲದ ಒಬ್ಬ ಏಜೆನ್ಸಿಯವರ ಹತ್ತಿರ ಲೈನ್ ಮೇಲೆ ಹೋಗೋ ಕೆಲಸ. ಅಂದರೆ ವ್ಯಾನಿನಲ್ಲಿ ಮಸಾಲೆ ಪುಡಿ, ಹಪ್ಪಳ, ಸೋಪು ತುಂಬಿಕೊಂಡು ಅಂಗಡಿ ಅಂಗಡಿಗೂ ಹಾಕಿ ಬರೋದು. ಒಂದು ದಿನ ಹನೂರು ಕಡೆ, ಒಂದು ದಿನ ಯಳಂದೂರು ಕಡೆ, ಮಿಕ್ಕ ದಿನ ಕೊಳ್ಳೇಗಾಲದ ಬೀದಿಗಳು. ಹಾಗೆ ತಿರುಗೀ ತಿರುಗೀ ಮೂರೂ ಊರಿನ ಅಂಗಡಿ ಸಾಲು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಯಾವ ಹೋಟೆಲಿಗೆ ಹೋದರೂ ಮೊದಲು ಹಿಂದಕ್ಕೆ ಹೋಗಿ ಕೈ ತೊಳೆಯೋ ಜಾಗ ನೋಡಿ ಬರೋರು. ಅಲ್ಲಿ ಸೋಪು ಇದ್ದರೆ ಊಟ, ಇಲ್ಲದಿದ್ದರೆ ಬರೀ ಟೀ. ಇಡ್ಲಿ ತಟ್ಟೆ ಬಂದರೆ ಇಡ್ಲಿಯನ್ನ ಮಗುಚಿ ಹೊಟ್ಟೆ ನೋಡೋರು. ಮಾಲೀಕ ಗಲ್ಲಾ ಮೇಲಿಂದ ಕಣ್ಣು ಬಿಟ್ಟು ನೋಡುತ್ತಾ ಇದ್ದರೂ ಇವರಿಗೆ ನಾಚಿಕೆ ಇರಲಿಲ್ಲ, ನನಗೇ ಮುಖ ಎಲ್ಲಿಡೋದು ಅನ್ನೋ ಹಾಗಾಗ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಕಡೆ ಬಾಯಲ್ಲಿ ಹ ನಿಲ್ಲೋದಿಲ್ಲ. ಹಾಲು ಆಲು, ಹೋಟ್ಲು ಓಟ್ಲು, ಹನೂರಿನವರ ಬಾಯಲ್ಲೇ ಹನೂರು ಅನೂರು. ಬಾವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೋಡೌನಿನಲ್ಲಿ ಯಾರೋ ಇವರ ಮಾತು ಹಿಡಿದು, "ಆಲಾ? ಯಾವ ಆಲು, ಆಲೂಗಡ್ಡೆನಾ?" ಅಂತ ಎಲ್ಲರ ಮುಂದೆ ಆಡಿಕೊಂಡರಂತೆ. ಅದು ಎದೆಗೆ ನೆಟ್ಟುಬಿಡ್ತು. ಅವತ್ತಿನಿಂದ ಹೊರಗಿನವರ ಹತ್ತಿರ ಮಾತಾಡುವಾಗ ಎಲ್ಲಿ ಅನುಮಾನ ಬಂದರೂ ಮುಂದೊಂದು ಹ ಅಂಟಿಸೋಕೆ ಶುರು ಮಾಡಿದರು. ಅಂಗಡಿ ಹಂಗಡಿ ಆಯ್ತು, ಇಡ್ಲಿ ಹಿಡ್ಲಿ ಆಯ್ತು, ಆಫೀಸು ಹಾಫೀಸು ಆಯ್ತು. "ನಮಸ್ಕಾರ ಸಾರ್, ಹಂಗಡಿ ಹೆಂಗೆ ನಡೀತಿದೆ?" ಅಂತ ಗಂಟಲು ಸರಿಮಾಡಿಕೊಂಡು ಕೇಳೋರು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹ ಕೂಡ ಹೊರಗೇ ಬಿಟ್ಟು ಬರೋರು. ನಾವು ಯಾರೂ ತಿದ್ದಲಿಲ್ಲ. ಅದರಿಂದ ಏನು ತೊಂದರೆ ಅಂತ ಅಂದುಕೊಂಡಿದ್ವಿ.

ನಮ್ಮಕ್ಕನ ಕೈ ಅಕ್ಕಿ ರೊಟ್ಟಿ ತಿಂದವರು ಇನ್ನೊಂದು ಕಡೆ ಅಕ್ಕಿ ರೊಟ್ಟಿ ಹೊಗಳೋದಿಲ್ಲ. ತೆಳ್ಳಗೆ, ಅಂಚು ಗರಿಗರಿ, ನಡುವೆ ಮೆತ್ತಗೆ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ. ಅವಳು ಮದುವೆ ಅಡುಗೆ ಕಂಟ್ರಾಕ್ಟರ್ ಒಬ್ಬನ ಕೈಕೆಳಗೆ ರೊಟ್ಟಿ ತಟ್ಟೋಕೆ ಹೋಗ್ತಿದ್ದಳು. ಛತ್ರದಲ್ಲಿ ಉಂಡವರೆಲ್ಲ ಒಳಗೆ ಬಂದು ಕಂಟ್ರಾಕ್ಟರ್ ಕೈ ಕುಲುಕಿ, "ಏನು ರೊಟ್ಟಿ ಸ್ವಾಮಿ!" ಅಂತ ಹೊಗಳಿ ಹೋಗೋರು. ಅಕ್ಕ ಹೊಗೆಯಲ್ಲಿ ಕಣ್ಣು ಒರೆಸಿಕೊಂಡು ಅಲ್ಲೇ ನಿಂತಿರೋಳು. ಒಂದು ಸಲ ಬಸ್ಸಿನಲ್ಲಿ ಬರುವಾಗ ನನಗಂದಳು, "ರೊಟ್ಟಿ ನಂದು, ಎಸ್ರು ಅವುಂದು. ನಾಕು ಟೇಬಲ್ಲು, ಒಂದು ಕಾವಲಿ, ನಂದೇ ಒಂದು ಓಟ್ಲು ಇದ್ರೆ ಸಾಕು ಕಣಮ್ಮಿ. ಅಲ್ಲಿ ನಾನೇ ತಟ್ಟಿ ನಾನೇ ಕೊಡ್ಬೇಕು." ಅವಳು ಜೀವನದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ.

ಬಾವ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳ ಮಾಡಿ ಗೆಲ್ಲಬಹುದಿತ್ತು! "ಆಗ್ಲಿ, ಮಾಡಣ. ಜಾಗ ಸರಿಯಾಗಿರ್ಬೇಕು ಅಷ್ಟೇ" ಅಂದರು. ಆ ಅಷ್ಟೇ ಅನ್ನೋದರಲ್ಲೇ ನಮ್ಮಕ್ಕನ ಆಯುಸ್ಸು ಸವೆಯಿತು.

ಖಾಲಿ ಮಳಿಗೆ ಇದೆ ಅಂತ ಯಾರಾದರೂ ಹೇಳಿದರೆ ಸಾಕು, ಬಾವ ಹೋಗಿ ಅದರ ಎದುರಿನ ಫುಟ್‌ಪಾತಿನಲ್ಲಿ ಬ್ಯಾಗು ಕಂಕುಳಲ್ಲಿಟ್ಟುಕೊಂಡು ನಿಂತುಬಿಡೋರು. ಒಂದು ಗಂಟೆ, ಎರಡು ಗಂಟೆ. ಜನ ಯಾವ ಮಗ್ಗುಲಲ್ಲಿ ನಡೀತಾರೆ, ಬಿಸಿಲು ಯಾವಾಗ ಬಾಗಿಲಿಗೆ ಬರುತ್ತೆ, ಬಸ್ಸು ಎಲ್ಲಿ ನಿಲ್ಲುತ್ತೆ, ಇಳಿದವರು ಮೊದಲು ಯಾವ ಕಡೆ ಕತ್ತು ತಿರುಗಿಸ್ತಾರೆ. ಎಲ್ಲ ನೋಡಿ ಬಂದು ಅಡುಗೆಮನೆ ಬಾಗಿಲಲ್ಲಿ ಕೂತು ಲೆಕ್ಕ ಒಪ್ಪಿಸೋರು. "ಕೊಳ್ಳೇಗಾಲದಲ್ಲಿ ಒಟ್ಟೆ ಅಸ್ದೋರು ಬಸ್ಟ್ಯಾಂಡ್ ತಾವ ಅವ್ರೆ, ದುಡ್ಡಿರೋರು ಸೀರೆ ಅಂಗ್ಡಿ ತಾವ ಅವ್ರೆ. ಇಬ್ರೂ ಒಂದೇ ಬೀದೀಲಿ ಸಿಕ್ಕಲ್ಲ. ಸೀರೆ ತಕಳೋಳು ಸೀರೆ ತಕಳೋಗಂಟ ಉಣ್ಣಲ್ಲ, ತಕಂಡ ಮ್ಯಾಲೆ ಗಂಟು ಬುಟ್ಟು ಕುಂತ್ಕಳಲ್ಲ." ಹಾಗಾದರೆ ಹನೂರು? "ಅನೂರು ಮಾದಪ್ಪನ ಬೆಟ್ಟಕ್ಕೋಗೋ ದಾರಿ. ಅಮಾಸೆ ದಿನ ಕಾಲಿಡಕ್ಕೆ ಜಾಗ ಇರಲ್ಲ, ಮಾರ್ನೆಗೆ ನೊಣ ಒಡೀಬೇಕು. ಲೊಕ್ಕನಳ್ಳಿ ಕಡೆಯೋರು ಸಂತೆಗೆ ಬಂದ್ರೆ ಬುತ್ತಿ ಕಟ್ಕಂಡೇ ಬತ್ತರೆ. ಪಾಲಾರ್ ದಾಟಿ ತಮಿಳ್ನಾಡಿಂದ ಬರೋರು ಪರೋಟ ಕೇಳ್ತರೆ." ಯಳಂದೂರು? "ಯಳಂದೂರು ಬಂಗಾರದಂತ ಊರು. ಆದ್ರೆ ಮಧ್ಯಾನ ಆದ್ರೆ ಅಂಗ್ಡಿಯೋರೆಲ್ಲ ಅರ್ಧ ಬಾಗ್ಲು ಎಳ್ದು ಉಣ್ಣಕ್ಕೆ ಮನೆಗೋಯ್ತರೆ. ಮನೇಲುಣ್ಣೋ ಊರಲ್ಲಿ ಓಟ್ಲು ಯಾರಿಗೆ?"

ಅಕ್ಕ ಒಲೆ ಮುಂದೆ ಕೂತು ಎಲ್ಲಾ ಕೇಳಿಸಿಕೊಂಡು, "ಅಂಗಾದ್ರೆ ಎಲ್ಲಿ?" ಅನ್ನೋಳು.

"ನೋಡಣ ಇರು" ಅನ್ನೋರು.

ನನಗೆ ಮೈಯೆಲ್ಲ ಉರಿಯೋದು ಯಾಕೆ ಅಂದರೆ, ಇದೇ ಮನುಷ್ಯ ಬೇರೆಯವರಿಗೆ ಜಾಗ ಹೇಳುವಾಗ ಒಂದು ಕ್ಷಣ ಯೋಚಿಸುತ್ತಿರಲಿಲ್ಲ. ನನ್ನ ಈ ರವಿಕೆ ಹೊಲಿಯೋ ಅಂಗಡಿಗೆ ಜಾಗ ತೋರಿಸಿದ್ದು ಅವರೇ. ನಾನು ದೊಡ್ಡ ರಸ್ತೆಯಲ್ಲಿ ಬೇಕು ಅಂತ ಹಟ ಹಿಡಿದಿದ್ದೆ. ಒಂದು ಬೆಳಿಗ್ಗೆ ನನ್ನನ್ನ ಕೊಳ್ಳೇಗಾಲದ ಸೀರೆ ಅಂಗಡಿಗಳ ಹಿಂದಿನ ಈ ಸಂದಿಗೆ ಕರಕೊಂಡು ಬಂದು, "ಸೀರೆ ತಕಂಡೋಳು ರವಿಕೆ ಒಲ್ಸಕ್ಕೆ ದೊಡ್ಡ ರಸ್ತೆ ದಾಟಲ್ಲ. ಇಲ್ಲೇ ಕುಂತ್ಕೊ. ನೆರಳದೆ, ಮಾತಾಡಕ್ಕೆ ಜಗಲಿ ಅದೆ, ಎಂಗಸ್ರು ಬಂದೇ ಬತ್ತರೆ" ಅಂದರು. ಟೀ ಕುಡಿಯೋ ಹೊತ್ತಿಗೆ ತೀರ್ಮಾನ ಆಗಿತ್ತು. ಇವತ್ತಿಗೂ ಹಬ್ಬದ ಹೊತ್ತಿನಲ್ಲಿ ನನಗೆ ತಲೆ ಎತ್ತೋಕೆ ಪುರುಸೊತ್ತಿಲ್ಲ. ಯಳಂದೂರಲ್ಲಿ ಒಬ್ಬ ಬೇಕರಿಯವನಿಗೆ ರಸ್ತೆಯ ಆ ಮಗ್ಗುಲು ಬಿಟ್ಟು ಈ ಮಗ್ಗುಲಿಗೆ ಬಾ ಅಂದರು, ಅವನು ಉದ್ಧಾರವಾದ. ಎಲ್ಲರಿಗೂ ಜಾಗ ಇತ್ತು. ಹೆಂಡತಿಗೆ ಮಾತ್ರ ಮೂರು ಊರಲ್ಲೂ ನಾಕು ಟೇಬಲ್ ಹಾಕೋಷ್ಟು ಜಾಗ ಸಿಗಲಿಲ್ಲ!

ಹೆದರಿಕೆ ಕಣ್ರಿ, ಮತ್ತೇನಲ್ಲ. ಬೇರೆಯವರ ಅಂಗಡಿ ಮುಚ್ಚಿದರೆ ಅಯ್ಯೋ ಪಾಪ ಅಂದುಬಿಡಬಹುದು. ಸ್ವಂತದ್ದು ಮುಚ್ಚಿದರೆ ಲೈನಿನಲ್ಲಿರೋ ಅಷ್ಟೂ ಅಂಗಡಿಯವರ ಮುಂದೆ ದಿನಾ ಹೋಗಿ ನಿಲ್ಲಬೇಕಲ್ಲ. ಬುದ್ಧಿ ಇತ್ತು, ಕಣ್ಣಿತ್ತು, ಧೈರ್ಯ ಮಾತ್ರ ಇರಲಿಲ್ಲ.

ಕಡೆಗೆ ಅಕ್ಕ ಮಾತು ಬಿಟ್ಟಳು. ಅನ್ನ ಹಾಕೋಳು, ನೀರು ಕೊಡೋಳು, ಮಾತಿಲ್ಲ. ಬಾವನಿಗೆ ಮಾತಿಲ್ಲದ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ತಡೆಯಲಾರದೆ ಹನೂರಿನ ರಸ್ತೆಯಲ್ಲಿ ಒಂದು ಚಿಕ್ಕ ಮಳಿಗೆಗೆ ಮಾತಾಡಿ ಬಂದರು. ಅಕ್ಕನ ಮುಖ ಅವತ್ತು ನೋಡಬೇಕಿತ್ತು. ಹಳೇ ಕಾವಲಿಯನ್ನ ಹುಣಸೆಹಣ್ಣು ಹಾಕಿ ಉಜ್ಜಿದ್ದೇ ಉಜ್ಜಿದ್ದು. ನಾನು ಟೇಬಲ್ಲಿಗೆ ಬಟ್ಟೆ ಹೊಲಿದುಕೊಟ್ಟೆ. ಬೋರ್ಡು ನಾನೇ ಮಾಡಿಸ್ತೀನಿ ಅಂದರು ಬಾವ. ಏನು ಬರೀಬೇಕು ಅಂತ ಮೊಬೈಲಿನಲ್ಲಿ ತಾವೇ ಒತ್ತಿ ಫ್ಲೆಕ್ಸ್ ಮಾಡೋನಿಗೆ ಕಳಿಸಿದರು.

ಶುರು ಮಾಡೋ ದಿನ ನಾನೂ ಹನೂರಿಗೆ ಹೋಗಿದ್ದೆ. ಬಸ್ಸು ಇಳಿದು ನೋಡ್ತೀನಿ, ಅಂಗಡಿ ಮೇಲೆ ಹಳದಿ ಫ್ಲೆಕ್ಸು, ಕೆಂಪು ಅಕ್ಷರ: ಇಲ್ಲಿ ಬಿಸಿ ಬಿಸಿ ಹಕ್ಕಿ ರೊಟ್ಟಿ ದೊರೆಯುತ್ತದೆ.

ಹಕ್ಕಿ ರೊಟ್ಟಿ! ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಬಾವನನ್ನ ಪಕ್ಕಕ್ಕೆ ಕರೆದು, "ಬಾವ, ಬೋರ್ಡಿನಲ್ಲಿ ಹಕ್ಕಿ ಅಂತ ಆಗಿದೆಯಲ್ಲ" ಅಂದೆ.

"ಹೂಂ. ಮತ್ತೆ? ಹಕ್ಕಿ ರೊಟ್ಟಿನೇ ತಾನೆ?" ಅಂದರು, ಹ ಒತ್ತಿ.

"ತಿನ್ನೋ ಅಕ್ಕಿಗೆ ಹ ಇಲ್ಲ ಬಾವ. ಹಾರೋದಕ್ಕೆ ಹ."

ಅವರ ಮುಖ ಸಣ್ಣಗಾಯ್ತು. ಬೋರ್ಡು ನೋಡಿದರು, ನನ್ನ ನೋಡಿದರು, ತಿರುಗಿ ಬೋರ್ಡು ನೋಡಿದರು. ನಮ್ಮ ಬಾಯಲ್ಲಿ ಎರಡೂ ಅಕ್ಕಿಯೇ. ಯಾವುದಕ್ಕೆ ಹ ಸೇರುತ್ತೆ ಅಂತ ಆ ಮನುಷ್ಯನಿಗೆ ಯಾರು ಹೇಳಿಕೊಟ್ಟಿದ್ದರು?

ಅಷ್ಟರಲ್ಲಿ ಜನ ಸೇರಿದರು. ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಒಬ್ಬ ಯಜಮಾನರು, "ಮಾದಪ್ಪನ ದಾರೀಲಿ ಅಕ್ಕಿಗಿಕ್ಕಿ ಬೇಯ್ಸಿ ಮಾರ್ತಿದ್ದೀರಲ್ಲ, ಥೂ" ಅಂತ ಬಾಗಿಲಲ್ಲೇ ನಿಂತು ಬೈದರು. ಕಾಲೇಜು ಹುಡುಗರು, "ಯಾವಕ್ಕಿ ಅಂಕಲ್, ಗೌಜಲಕ್ಕಿನಾ?" ಅಂದರು. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ಫಾರೆಸ್ಟ್ ಗಾರ್ಡು ಗಾಡಿ ನಿಲ್ಲಿಸಿ ಒಳಗೇ ಬಂದುಬಿಟ್ಟರು. "ಎಲ್ಲಿ ಒಡುದ್ರಿ ಅಕ್ಕಿಯ, ತೋರ್ಸಿ" ಅಂತ ಅಡುಗೆ ಒಲೆಯವರೆಗೂ ಹೋಗಿ ಇಣುಕಿದರು. ಅಕ್ಕನಿಗೆ ಹೊರಗೆ ಏನು ನಡೀತಿದೆ ಅಂತಲೇ ಗೊತ್ತಿಲ್ಲ. ರೊಟ್ಟಿ ತಟ್ಟುತ್ತಾ, "ಕುಂತ್ಕಳಿ ಸಾ, ಬಿಸಿ ಅದೆ" ಅಂದಳು. ಆತ ನಗುತ್ತಾ ಕೂತರು. ಒಂದು ತಿಂದರು, ಇನ್ನೊಂದು ಹಾಕಿಸಿಕೊಂಡರು, ಮನೆಗೂ ಕಟ್ಟಿಸಿಕೊಂಡರು. ಅವರು ತಿಂದದ್ದು ನೋಡಿ ಹುಡುಗರು ನುಗ್ಗಿದರು. ಬೈದ ಯಜಮಾನರೂ ವಿಷಯ ಗೊತ್ತಾಗಿ ವಾಪಸ್ ಬಂದು ಚಟ್ನಿ ಹಾಕಿಸಿಕೊಂಡರು. ಫೋಟೋ ಹೊಡೆಯೋರು ಹೊಡೆದರು, ಆದರೆ ತಿನ್ನದೆ ಯಾರೂ ಹೋಗಲಿಲ್ಲ. ಮಧ್ಯಾಹ್ನದೊಳಗೆ ಹಿಟ್ಟು ಖಾಲಿ. ಒಬ್ಬಳು ಹೆಂಗಸು ಒಲೆ ಹತ್ತಿರ ಬಂದು ಅಕ್ಕನ ಕೈ ಹಿಡಿದು, "ನಿನ್ನೆಸರೇನವ್ವ?" ಅಂತ ಕೇಳಿದಳು. ಅಕ್ಕ ಹಿಟ್ಟಿನ ಕೈಯಲ್ಲೇ ನಿಂತು ಹೆಸರು ಹೇಳಿದಳು. ಆ ಕಣ್ಣಲ್ಲಿ ಅಂಥಾ ಬೆಳಕು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಬಾವ ಅಂಗಡಿ ಹಿಂದೆ ನೀರಿನ ಡ್ರಮ್ಮಿನ ಪಕ್ಕ ಒಬ್ಬರೇ ಕೂತಿದ್ದರು. ಫೋಟೋ ಅಷ್ಟರಲ್ಲಿ ಏಜೆನ್ಸಿಯವರ ವಾಟ್ಸಾಪ್ ಗ್ರೂಪಿಗೂ ಬಂದಿತ್ತು. ಒಬ್ಬೊಬ್ಬರೂ ನಗೋ ಮುಖ ಹಾಕಿದ್ದರು. ಫೋನನ್ನ ನನ್ನ ಕೈಗೆ ಕೊಟ್ಟು, "ನೋಡಮ್ಮಿ" ಅಂದರು, ಅಷ್ಟೇ.

"ನಕ್ಕರೆ ನಗಲಿ ಬಾವ. ಹಿಟ್ಟು ಖಾಲಿ ಆಗಿದೆ, ನೋಡಿದ್ರಾ? ದುಡ್ಡು ಕೊಟ್ಟರೂ ಇಂಥ ಪ್ರಚಾರ ಸಿಗಲ್ಲ. ಆ ಹ ಮೇಲೆ ಒಂದು ಪೇಪರ್ ಅಂಟಿಸಿ ಅ ಬರೆದ್ರೆ ಮುಗೀತು."

"ನಗೋರ ಬಾಯ್ಗೆ ಪೇಪರ್ ಅಂಟ್ಸಕಾಯ್ತದಾ?" ಅಂದರು.

ಸಂಜೆ ಸ್ಟೂಲ್ ಹಾಕಿಕೊಂಡು ಫ್ಲೆಕ್ಸ್ ಬಿಚ್ಚಿದರು. ಅಕ್ಷರ ತಿದ್ದಿಸೋಕೆ ಇರಬೇಕು ಅಂತ ನಾವು ಸುಮ್ಮನಿದ್ವಿ. ಮಾರನೇ ದಿನ ನಾವು ಎದ್ದು ಹೊರಡೋ ಮುಂಚೆಯೇ ಹೋಗಿ ಬೀಗದ ಕೈ ವಾಪಸ್ ಕೊಟ್ಟು ಬಂದಿದ್ದರು. ಬಾಗಿಲಲ್ಲಿ ನಿಂತು, "ಅನೂರು ಸರಿ ಇಲ್ಲ. ಅಲ್ಲಿ ಜನುಕ್ಕೆ ಮರ್ವಾದೆ ಗೊತ್ತಿಲ್ಲ. ಯಳಂದೂರಲ್ಲಿ ನೋಡಣ" ಅಂದರು. ಅಕ್ಕ ಅಕ್ಕಿ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಿ ಒಳಗೆ ಹೋದಳು. ನಾನು ಸುಮ್ಮನಿರಲಿಲ್ಲ. ಬೀದಿಯವರಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಒಂದು ಅಕ್ಷರಕ್ಕೆ ಹೆಂಡತಿಯ ಹೊಟ್ಟೆ ಮೇಲೆ ಹೊಡೆದ್ರಲ್ಲ, ನಿಮ್ಮ ಮರ್ಯಾದೆಗೆ ಬೆಂಕಿ ಬೀಳಾ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು ಬ್ಯಾಗು ಎತ್ತಿಕೊಂಡು ಲೈನಿಗೆ ಹೋದರು. ಆ ಮೇಲೆ ಬಹಳ ದಿನ ನಾನು ಅವರ ಮುಖ ನೋಡಲಿಲ್ಲ.

ಆದರೆ ಆ ಮನುಷ್ಯನ ಮೇಲೆ ಪೂರ್ತಿ ಕೋಪ ಮಾಡಿಕೊಂಡಿರೋಕೂ ಆಗುತ್ತಿರಲಿಲ್ಲ, ಅದೇ ಕರ್ಮ. ನಾನು ಮಾತು ಬಿಟ್ಟ ದಿನಗಳಲ್ಲೂ ಯಳಂದೂರಿನಿಂದ ಬರುವಾಗ ನನ್ನ ಅಂಗಡಿ ಜಗಲಿ ಮೇಲೆ ಒಂದು ಪೊಟ್ಟಣ ಇಟ್ಟು ಹೋಗೋರು. ಇಲ್ಲಿ ಸಿಗದ ಬಣ್ಣದ ದಾರ, ಕೊಂಡಿ, ಒಂದೊಂದು ಸಲ ಬಿಸಿ ಬೋಂಡ. "ಕೊಳ್ಳೇಗಾಲದ ಬೋಂಡದಲ್ಲಿ ಬರೀ ಸೋಡ" ಅಂತ ರಸ್ತೆಯಿಂದಲೇ ಹೇಳಿ ಓಡೋರು. ಬೋಂಡ ತಿನ್ನುತ್ತಾ ಎಷ್ಟು ಹೊತ್ತು ಅಂತ ಮುನಿಸಿಕೊಂಡಿರೋದು?

ಅಕ್ಕ ತಿರುಗಿ ಕಂಟ್ರಾಕ್ಟರ್ ಹತ್ತಿರ ಹೋದಳು. ಛತ್ರದ ದೊಡ್ಡ ಒಲೆಗಳ ಮುಂದೆ ನಿಂತೂ ನಿಂತೂ ವರ್ಷಗಳು ಹೋದವು. ಬಾವ ಕೆಲಸ ಬಿಟ್ಟ ಮೇಲೂ ಜಾಗ ನೋಡೋದು ಬಿಡಲಿಲ್ಲ. ಬಸ್ಸು ಹತ್ತಿ ಮೂರು ಊರಿಗೂ ಹೋಗಿ ನಿಂತು ನೋಡಿ ಬರೋರು. ಈಗ ಮೊಬೈಲ್ ಅಂಗಡಿ ಜಾಸ್ತಿಯಾಗಿವೆ, ಜನ ಗೋಬಿ ಗಾಡಿ ಮುಂದೆ ನಿಂತುಕೊಂಡೇ ತಿಂತಾರೆ, ಹನೂರು ತಾಲ್ಲೂಕಾದ ಮೇಲೆ ಆಫೀಸಿಗೆ ಬರೋ ಜನ ಹೆಚ್ಚಾದರು, ಆದರೆ ಸಂಜೆಗೆ ಹೊರಟು ಹೋಗ್ತಾರೆ. ದಿನಾ ಹೊಸ ತಪ್ಪು.

ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಗಂಜಿ ತಗೊಂಡು ಹೋಗಿದ್ದೆ. ಎರಡು ಚಮಚ ಕುಡಿದು, "ಆ ಅನೂರು ಅಂಗ್ಡಿ ಈಗ ಏನಾಗದೆ?" ಅಂತ ಕೇಳಿದರು. ಸುಳ್ಳು ಹೇಳಬಹುದಿತ್ತು. ನನ್ನ ಬಾಯಿ ಕೇಳಲಿಲ್ಲ. "ಟಿಫಿನ್ ಸೆಂಟರ್ ಆಗಿದೆ ಬಾವ. ಚೆನ್ನಾಗಿ ನಡೀತಿದೆ" ಅಂದೆ. ಗೋಡೆ ಕಡೆ ತಿರುಗಿಕೊಂಡು ಮಲಗಿದರು. ಭುಜ ಅಲುಗುತ್ತಿತ್ತು.

ಅವರು ಹೋದ ಮೇಲೆ, ತಪ್ಪೋ ಸರಿಯೋ, ನನಗೆ ಮೊದಲು ಬಂದ ಯೋಚನೆ ಅಂದರೆ ಇನ್ನು ಅಕ್ಕನಿಗೆ ಅಡ್ಡ ಹಾಕೋರು ಯಾರೂ ಇಲ್ಲ ಅನ್ನೋದು. ದೇವರು ದಾರಿ ಮಾಡಿಕೊಟ್ಟ ಹಾಗೆ ಹೋದ ತಿಂಗಳು ನನ್ನ ಪಕ್ಕದ ಜೆರಾಕ್ಸ್ ಅಂಗಡಿ ಖಾಲಿಯಾಯ್ತು. ಮಳಿಗೆ ಮಾಲೀಕನನ್ನ ಕಾಡಿಬೇಡಿ, ಬೇರೆ ಯಾರಿಗೂ ಕೊಡಬೇಡ ಅಂತ ಹೇಳಿ ಅಕ್ಕನನ್ನ ಕರೆಸಿದೆ. ಅವಳು ಆಟೋದಿಂದ ನಿಧಾನವಾಗಿ ಇಳಿದಳು. ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದಳು, ಕಿಟಕಿ ತೆಗೆದು ನೋಡಿದಳು. "ಇಲ್ಲಿ ಕಾವಲಿ, ಇಲ್ಲಿ ನೀರು, ಅಲ್ಲಿ ಎರಡು ಟೇಬಲ್ಲು, ಅಲ್ಲೆರಡು" ಅಂತ ಕೈಯಲ್ಲೇ ಎಲ್ಲಾ ಜೋಡಿಸಿದಳು. ನನ್ನ ಜೀವ ಕುಣಿಯಿತು. ಫೋನ್ ತೆಗೆದು ಮಾಲೀಕನಿಗೆ ಹೇಳಿಯೇ ಬಿಡ್ತೀನಿ ಅಂತಿದ್ದೆ.

ಅವಳು ಜೆರಾಕ್ಸಿನವರು ಬಿಟ್ಟು ಹೋಗಿದ್ದ ಒಂದು ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಏಳೋಕೆ ಹೋದಳು, ಆಗಲಿಲ್ಲ. ಗೋಡೆ ಹಿಡಿದಳು, ಆಗಲೂ ಆಗಲಿಲ್ಲ. ನಾನು ಹೋಗಿ ಕಂಕುಳಿಗೆ ಕೈ ಕೊಟ್ಟು ಎತ್ತಬೇಕಾಯ್ತು. ಮಂಡಿ ಎರಡೂ ಊದಿಕೊಂಡು ಗುಂಡಗಾಗಿದ್ದವು.

"ಯಾರನ್ನಾದ್ರೂ ಇಟ್ಕೊಂಡರಾಯ್ತು ಅಕ್ಕ. ನೀನು ಕೂತ್ಕೊಂಡು ಹೇಳಿದರೆ ಸಾಕು" ಅಂದೆ.

"ಇನ್ನೊಬ್ರು ತಟ್ಟಿದ್ರೆ ಅದು ನನ್ನ ಓಟ್ಲು ಎಂಗಾಯ್ತದಮ್ಮಿ?" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಸಲ ಸುತ್ತ ನೋಡಿದಳು. "ಜಾಗ ಚೆನ್ನಾಗದೆ. ನಾನೇ ಈಗ ಸರಿಯಾಗಿಲ್ಲ."

ಅವಳನ್ನ ಆಟೋ ಹತ್ತಿಸಿ ಬಂದು ಮಾಲೀಕನಿಗೆ ಫೋನ್ ಮಾಡಿ ಬೇಡ ಕಣಪ್ಪ ಅಂದೆ.

"ಯಾಕಕ್ಕ, ಜಾಗ ಇಷ್ಟ ಆಗ್ಲಿಲ್ವಾ? ಏನ್ ತಪ್ಪದೆ ಏಳಿ, ಸರಿ ಮಾಡಿಸ್ಕೊಡ್ತೀನಿ" ಅಂದ.

"ಜಾಗದಲ್ಲಿ ಏನೂ ತಪ್ಪಿಲ್ಲ" ಅಂದೆ. ನಮ್ಮ ಮನೆಯಲ್ಲಿ ಆ ಮಾತನ್ನ ಅವತ್ತಿನವರೆಗೆ ಯಾರೂ ಆಡಿರಲಿಲ್ಲ.